ಇಬ್ಬರ ಭಾರಕ್ಕೆ ಬೈಕಿನ ಸಸ್ಪೆನ್ಷನ್ ಹೊಂದಿಸುವುದು ಹೇಗೆ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಎರಡು ವರ್ಷಗಳಿಂದ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಓಡಿಸುತ್ತಿದ್ದೇನೆ. ಹೆಲ್ಮೆಟ್, ಜಾಕೆಟ್, ಬೂಟು ಸೇರಿ ನನ್ನ ತೂಕ 104 ಕಿಲೋ, ಹಿಂದೆ ಕೂರುವ ನನ್ನ ಹೆಂಡತಿಯದು ಅದೇ ಲೆಕ್ಕದಲ್ಲಿ 72 ಕಿಲೋ. ಹಿಂಬದಿಯ ಪೆಟ್ಟಿಗೆಯಲ್ಲಿ ಸುಮಾರು 15 ಕಿಲೋ ಸಾಮಾನಿರುತ್ತದೆ. ಯಲ್ಲಾಪುರ ದಾಟಿ ಅರಬೈಲು ಘಾಟಿಯ ಮೂಲಕ ಅಂಕೋಲೆಗೆ ಆಗಾಗ ಹೋಗುತ್ತೇವೆ. ಹಂಪು, ಗುಂಡಿ ಬಂದಾಗಲೆಲ್ಲ ಹಿಂದಿನ ಶಾಕ್ ಅಬ್ಸಾರ್ಬರ್ 'ಧಡ್' ಎಂದು ತಳ ಹೊಡೆಯುತ್ತದೆ, ಹೆಂಡತಿಗೆ ಬೆನ್ನುನೋವು ಶುರುವಾಗಿದೆ. ಘಾಟಿಯ ತಿರುವುಗಳಲ್ಲಿ ಹ್ಯಾಂಡಲ್ ಹಗುರವೆನಿಸಿ ಬೈಕು ಹೊರಕ್ಕೆ ಸರಿದಂತಾಗುತ್ತದೆ. ಪ್ರೀಲೋಡನ್ನು (ಸ್ಪ್ರಿಂಗನ್ನು ಮೊದಲೇ ಬಿಗಿದಿಡುವ ಹೊಂದಾಣಿಕೆ) ಈಗಾಗಲೇ ಕೊನೆಯ ಹಂತಕ್ಕೆ ಏರಿಸಿದ್ದೇನೆ. ನಮ್ಮ ಮೆಕ್ಯಾನಿಕ್ ದಪ್ಪ ಸ್ಪ್ರಿಂಗ್ ಹಾಕಿಕೊಡುತ್ತೇನೆ ಎನ್ನುತ್ತಾರೆ, ಗೆಳೆಯರು ಹಿಂದೆ ಮುಂದೆ ಎರಡನ್ನೂ ಪೂರ್ತಿ ಬದಲಿಸು ಎನ್ನುತ್ತಾರೆ. ಏನು ಮಾಡಲಿ, ಯಾವುದನ್ನು ಮೊದಲು ಮಾಡಲಿ?

ಉತ್ತರ: ನೀವು ವಿವರಿಸಿರುವ ಮೂರೂ ಲಕ್ಷಣಗಳಿಗೆ, ಅಂದರೆ ತಳ ಹೊಡೆಯುವುದು, ಹ್ಯಾಂಡಲ್ ಹಗುರವಾಗುವುದು ಮತ್ತು ತಿರುವಿನಲ್ಲಿ ಹೊರಕ್ಕೆ ಸರಿಯುವುದಕ್ಕೆ, ಮೂಲ ಒಂದೇ: ಹಿಂದಿನ ಸ್ಪ್ರಿಂಗ್ ನಿಮ್ಮಿಬ್ಬರ ಭಾರಕ್ಕೆ ಮೃದುವಾಗಿದೆ. ಆದ್ದರಿಂದ ಮೊದಲು ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳನ್ನು, ನಿಮ್ಮ ತೂಕಕ್ಕೆ ಲೆಕ್ಕ ಹಾಕಿದ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಡ್ಯಾಂಪಿಂಗ್ (ಸ್ಪ್ರಿಂಗಿನ ಕುಣಿತವನ್ನು ತಡೆಯುವ ಎಣ್ಣೆಯ ವ್ಯವಸ್ಥೆ) ಇರುವ ಜೋಡಿಯಿಂದ ಬದಲಿಸಬೇಕು. ಮುಂದಿನ ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ, ಒಳಗೆ ಸ್ಪ್ರಿಂಗ್ ಇರುವ ಜೋಡಿ ಕೊಳವೆಗಳ) ಕೆಲಸ ಅದರ ನಂತರದ್ದು, ಮತ್ತು ಅದು ಅಷ್ಟು ಖರ್ಚಿನದೂ ಅಲ್ಲ. ಆದರೆ ಇವೆರಡಕ್ಕೂ ಮೊದಲು ಒಂದು ಅಳತೆ ಪಟ್ಟಿ ಹಿಡಿದು ಅರ್ಧ ಗಂಟೆ ಕೆಲಸ ಮಾಡಬೇಕಿದೆ. ಅಳತೆಯಿಲ್ಲದೆ ಕೊಂಡ ಸಸ್ಪೆನ್ಷನ್ ಎಷ್ಟೇ ದುಬಾರಿಯಾಗಿದ್ದರೂ ಅದು ಬೇರೆ ಯಾರದೋ ತೂಕಕ್ಕೆ ಮಾಡಿದ್ದಾಗಿರುತ್ತದೆ.

ಪ್ರೀಲೋಡ್ ಕೊನೆಯ ಹಂತದಲ್ಲಿದ್ದರೂ ತಳ ಏಕೆ ಹೊಡೆಯುತ್ತಿದೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ಈ ವಿಷಯದಲ್ಲಿ ಅತ್ಯಂತ ವ್ಯಾಪಕವಾಗಿರುವ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಸಿ-ಸ್ಪ್ಯಾನರ್‌ನಿಂದ ಕಾಲರ್ (ಸ್ಪ್ರಿಂಗನ್ನು ಬಿಗಿಯುವ ಉಂಗುರ) ತಿರುಗಿಸಿದಾಗ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಹಲವು ಮೆಕ್ಯಾನಿಕ್‌ಗಳೂ ನಂಬಿದ್ದಾರೆ. ವಾಸ್ತವದಲ್ಲಿ ಸ್ಪ್ರಿಂಗಿನ ಗಡಸುತನ ಅದರ ತಂತಿಯ ದಪ್ಪ, ಸುರುಳಿಯ ವ್ಯಾಸ ಮತ್ತು ಸುತ್ತುಗಳ ಸಂಖ್ಯೆಯಿಂದ ನಿಗದಿಯಾದದ್ದು. ಅದು ಕಾಲರಿನಿಂದ ಬದಲಾಗುವುದಿಲ್ಲ. ಪ್ರೀಲೋಡ್ ಮಾಡುವುದು ಇಷ್ಟೇ: ಬೈಕು ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುತ್ತದೆ. ಮೊದಲ 10 ಮಿಲಿಮೀಟರ್ ಕುಗ್ಗಲು ಎಷ್ಟು ಹೆಚ್ಚುವರಿ ಭಾರ ಬೇಕೋ, ಪ್ರೀಲೋಡ್ ಏರಿಸಿದ ಮೇಲೂ ಪ್ರತಿ 10 ಮಿಲಿಮೀಟರಿಗೆ ಅಷ್ಟೇ ಹೆಚ್ಚುವರಿ ಭಾರ ಸಾಕು. ಮೃದುವಾದ ಸ್ಪ್ರಿಂಗನ್ನು ಎಷ್ಟು ಬಿಗಿದರೂ ಅದು ಎತ್ತರಕ್ಕೆ ಏರಿ ಕುಳಿತ ಮೃದುವಾದ ಸ್ಪ್ರಿಂಗೇ ಆಗಿರುತ್ತದೆ.

ಇನ್ನು ನಿಮ್ಮ ಭಾರ ಎಲ್ಲಿಗೆ ಹೋಗುತ್ತದೆ ಎಂಬುದು. ಇಂಟರ್‌ಸೆಪ್ಟರ್‌ನ ತೂಕ ಪೆಟ್ರೋಲಿಲ್ಲದೆ 202 ಕಿಲೋ, ಟ್ಯಾಂಕು ತುಂಬಿದರೆ ಇನ್ನೊಂದು 10 ಕಿಲೋ. ನಿಮ್ಮಿಬ್ಬರದು ಮತ್ತು ಸಾಮಾನಿನದು 191 ಕಿಲೋ. ಅಂದರೆ ಹೊರುವ ಭಾರ ಹೊತ್ತ ವಾಹನಕ್ಕೆ ಬಹುಪಾಲು ಸಮವಾಗಿದೆ. ಕಾರಿನಲ್ಲಿ ಐದು ಮಂದಿ ಕುಳಿತರೂ ಈ ಪ್ರಮಾಣ ಬರುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಭಾರದ ಹಂಚಿಕೆ. ಇಂಥ ನೇರ ಭಂಗಿಯ ಬೈಕಿನಲ್ಲಿ ಸವಾರನ ತೂಕದ ಸುಮಾರು ಮೂರನೇ ಎರಡು ಪಾಲು ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದೆ ಕೂರುವವರು ಬಹುತೇಕ ಹಿಂದಿನ ಆಕ್ಸಲ್‌ನ (ಚಕ್ರದ ಅಚ್ಚಿನ) ನೇರಕ್ಕೇ ಕೂರುವುದರಿಂದ ಅವರ ತೂಕದ ಶೇಕಡಾ 90ರಷ್ಟು ಅಲ್ಲಿಗೇ ಹೋಗುತ್ತದೆ. ಪೆಟ್ಟಿಗೆಯಂತೂ ಆಕ್ಸಲ್‌ನ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಚಕ್ರಗಳ ನಡುವಿನ ಅಂತರ ಸುಮಾರು 1400 ಮಿಲಿಮೀಟರ್ ಇರುವಾಗ, ಆಕ್ಸಲ್‌ನಿಂದ 250 ಮಿಲಿಮೀಟರ್ ಹಿಂದಿರುವ 15 ಕಿಲೋ ಸಾಮಾನು ಹಿಂದಿನ ಚಕ್ರದ ಮೇಲೆ 15ರ ಬದಲು ಸುಮಾರು 18 ಕಿಲೋ ಹೇರುತ್ತದೆ ಮತ್ತು ಮುಂದಿನ ಚಕ್ರದಿಂದ ಸುಮಾರು 3 ಕಿಲೋ ಎತ್ತಿಬಿಡುತ್ತದೆ. ಹ್ಯಾಂಡಲ್ ಹಗುರವೆನಿಸುವುದರಲ್ಲಿ ಈ ಪೆಟ್ಟಿಗೆಯ ಪಾಲೂ ಇದೆ. ಭಾರವಾದ ವಸ್ತುಗಳನ್ನು ಟ್ಯಾಂಕ್ ಬ್ಯಾಗಿಗೋ, ಪಕ್ಕದ ಚೀಲಗಳ ಮುಂಭಾಗಕ್ಕೋ ಸರಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಪರಿಣಾಮ ಮಾತ್ರ ಅಂದೇ ತಿಳಿಯುತ್ತದೆ.

ಈಗ ಅಳತೆ. ಬೈಕಿನ ಹಿಂದಿನ ಆಕ್ಸಲ್‌ನಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ಒಂದು ಸ್ಥಿರವಾದ ಬಿಂದುವಿಗೆ ಟೇಪಿನಿಂದ ಗುರುತು ಹಾಕಿಕೊಳ್ಳಿ. ನಡುವಿನ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೆಲಬಿಟ್ಟು ಪೂರ್ತಿ ಇಳಿಬಿದ್ದಾಗ ಆ ಅಂತರ ಎಷ್ಟೆಂದು ಬರೆದುಕೊಳ್ಳಿ. ನಂತರ ಬೈಕನ್ನು ನೆಲದ ಮೇಲೆ ನೇರವಾಗಿ ನಿಲ್ಲಿಸಿ ಖಾಲಿ ಬೈಕಿನ ಅಳತೆ, ಆಮೇಲೆ ಪೂರ್ಣ ಉಡುಪಿನಲ್ಲಿ ನೀವೊಬ್ಬರೇ ಕುಳಿತಾಗಿನ ಅಳತೆ, ಕೊನೆಗೆ ಇಬ್ಬರೂ ಕುಳಿತು ಸಾಮಾನೂ ಇರುವಾಗಿನ ಅಳತೆ ತೆಗೆದುಕೊಳ್ಳಿ. ಬೈಕು ಹಿಡಿಯಲು ಒಬ್ಬರು, ಅಳೆಯಲು ಇನ್ನೊಬ್ಬರು ಬೇಕು. ಕಾಲು ನೆಲಕ್ಕೆ ಊರಿ ಕೂತರೆ ಲೆಕ್ಕ ಕೆಡುತ್ತದೆ, ಪಾದ ಫುಟ್‌ರೆಸ್ಟ್ ಮೇಲಿರಬೇಕು. ಶಾಕ್ ಅಬ್ಸಾರ್ಬರ್‌ನ ಸೀಲುಗಳಲ್ಲಿ ತಿಕ್ಕಾಟ ಇರುವುದರಿಂದ ಪ್ರತಿ ಅಳತೆಯನ್ನೂ ಎರಡು ಸಲ ತೆಗೆಯಿರಿ: ಒಮ್ಮೆ ಸೀಟನ್ನು ಒತ್ತಿ ನಿಧಾನವಾಗಿ ಮೇಲೇರಲು ಬಿಟ್ಟು, ಇನ್ನೊಮ್ಮೆ ಎತ್ತಿ ನಿಧಾನವಾಗಿ ಇಳಿಯಲು ಬಿಟ್ಟು. ಎರಡರ ಸರಾಸರಿಯೇ ನಿಜವಾದ ಅಳತೆ. ಮೊದಲ ಅಳತೆಯಿಂದ ಉಳಿದವುಗಳನ್ನು ಕಳೆದರೆ ಸಿಗುವುದೇ ಸ್ಯಾಗ್, ಅಂದರೆ ಆಯಾ ಭಾರಕ್ಕೆ ಬೈಕು ಎಷ್ಟು ಕುಗ್ಗಿದೆ ಎಂಬ ಲೆಕ್ಕ.

ಇಂಟರ್‌ಸೆಪ್ಟರ್‌ನ ಹಿಂದಿನ ಚಕ್ರಕ್ಕಿರುವ ಒಟ್ಟು ಚಲನೆ 88 ಮಿಲಿಮೀಟರ್ ಮಾತ್ರ. ರಸ್ತೆಯ ಬೈಕಿಗೆ ಸವಾರ ಕುಳಿತಾಗ ಒಟ್ಟು ಚಲನೆಯ ಸುಮಾರು ಶೇಕಡಾ 30ರಷ್ಟು ಕುಗ್ಗಬೇಕು. ಇಲ್ಲಿ ಅದು 26 ಮಿಲಿಮೀಟರ್. ಹಿಮಾಲಯನ್ 411ರಂಥ ಬೈಕಿನಲ್ಲಿ ಹಿಂದಿನ ಚಲನೆ 180 ಮಿಲಿಮೀಟರ್ ಇರುವುದರಿಂದ ಅದು ಭಾರಕ್ಕೆ 60 ಮಿಲಿಮೀಟರ್ ಕುಗ್ಗಿದರೂ ಗುಂಡಿಗೆಂದು ಸಾಕಷ್ಟು ಉಳಿದಿರುತ್ತದೆ. ನಿಮ್ಮ ಬೈಕಿಗೆ ಆ ಸೌಕರ್ಯವಿಲ್ಲ. ಚಲನೆ ಕಡಿಮೆಯಿರುವ ಬೈಕಿನಲ್ಲಿ ಸ್ಪ್ರಿಂಗಿನ ಆಯ್ಕೆ ತಪ್ಪಿದರೆ ಅದನ್ನು ಮುಚ್ಚಿಹಾಕಲು ಬೇರಾವ ಅವಕಾಶವೂ ಇರುವುದಿಲ್ಲ.

ಒಂದು ಮಾದರಿ ಲೆಕ್ಕ ಹಾಕೋಣ. ನಿಮ್ಮ ಅಳತೆ ಇದಕ್ಕಿಂತ ಸ್ವಲ್ಪ ಬೇರೆ ಬರಬಹುದು, ಆದರೆ ದಾರಿ ಇದೇ. ಪ್ರೀಲೋಡ್ ಕೊನೆಯ ಹಂತದಲ್ಲಿದ್ದು ಖಾಲಿ ಬೈಕು 2 ಮಿಲಿಮೀಟರ್ ಕುಗ್ಗಿದೆ, ನೀವೊಬ್ಬರೇ ಕುಳಿತಾಗ 30 ಮಿಲಿಮೀಟರ್ ಕುಗ್ಗಿದೆ ಎಂದುಕೊಳ್ಳಿ. ನಿಮ್ಮ 104 ಕಿಲೋದಲ್ಲಿ ಹಿಂದಿನ ಚಕ್ರಕ್ಕೆ ಬೀಳುವ ಸುಮಾರು 70 ಕಿಲೋ, ಚಕ್ರವನ್ನು 28 ಮಿಲಿಮೀಟರ್ ಮೇಲಕ್ಕೆ ಸರಿಸಿತು. ಅಂದರೆ ಚಕ್ರದ ಬಳಿ ಅಳೆದ ಗಡಸುತನ ಮಿಲಿಮೀಟರಿಗೆ 2.5 ಕಿಲೋ. ನಿಮ್ಮ ಪತ್ನಿಯ ಪಾಲು 65 ಕಿಲೋ, ಪೆಟ್ಟಿಗೆಯ ಪಾಲು 18 ಕಿಲೋ, ಒಟ್ಟು 83 ಕಿಲೋ ಸೇರಿದರೆ ಇನ್ನೂ 33 ಮಿಲಿಮೀಟರ್ ಇಳಿಯುತ್ತದೆ. ಈಗ 88ರಲ್ಲಿ 63 ಮಿಲಿಮೀಟರ್ ನಿಂತಲ್ಲಿಯೇ ಖರ್ಚಾಯಿತು, ಉಳಿದದ್ದು 25. ಆ 25 ಮಿಲಿಮೀಟರನ್ನು ಮುಗಿಸಲು ಸುಮಾರು 62 ಕಿಲೋದಷ್ಟು ಹೆಚ್ಚುವರಿ ಒತ್ತಡ ಸಾಕು. ಹಿಂದಿನ ಸ್ಪ್ರಿಂಗುಗಳು ಆಗಲೇ ಬೈಕಿನ ಪಾಲೂ ಸೇರಿ ಸುಮಾರು 236 ಕಿಲೋ ಹೊತ್ತಿರುತ್ತವೆ. ಅದರ ನಾಲ್ಕನೇ ಒಂದು ಪಾಲಿನಷ್ಟು ಒತ್ತಡ ಹೆಚ್ಚಾದರೆ ತಳ ಹೊಡೆಯುತ್ತದೆ ಎಂದರ್ಥ. ಸಾಧಾರಣ ಹಂಪು ಕೂಡ ಇದಕ್ಕಿಂತ ಹೆಚ್ಚಿನ ಒತ್ತಡ ಕೊಡುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇದ್ದು 17 ಮೀಟರ್ ತ್ರಿಜ್ಯದ ಕಮಾನಿನಂತೆ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನಿರಾಯಾಸವಾಗಿ ದಾಟುವಂತೆ ಅದನ್ನು ರೂಪಿಸಲಾಗಿದೆ. ನಮ್ಮ ಊರುಗಳ ಅಂಚಿನಲ್ಲಿ ರಾತ್ರೋರಾತ್ರಿ ಏಳುವ, ಒಂದಡಿ ಅಗಲದ ದಿಣ್ಣೆಗಳಿಗೂ ಈ ಮಾನದಂಡಕ್ಕೂ ಸಂಬಂಧವೇ ಇಲ್ಲ. ಆದ್ದರಿಂದ ಮಾನದಂಡದ ಹಂಪಿಗಿಂತ ಕೆಟ್ಟದ್ದನ್ನು ಗಮನದಲ್ಲಿಟ್ಟುಕೊಂಡೇ ಸ್ಪ್ರಿಂಗ್ ಆರಿಸಬೇಕು.

ಅದೇ ಲೆಕ್ಕವನ್ನು ಚಕ್ರದ ಬಳಿ ಮಿಲಿಮೀಟರಿಗೆ 3.4 ಕಿಲೋ ಇರುವ ಸ್ಪ್ರಿಂಗಿನಿಂದ ಮಾಡಿ ನೋಡಿ. ಖಾಲಿ ಬೈಕಿನ ಸ್ಯಾಗನ್ನು 5 ಮಿಲಿಮೀಟರಿಗೆ ಹೊಂದಿಸಿದರೆ ನೀವೊಬ್ಬರೇ ಕುಳಿತಾಗ 26, ಅಂದರೆ ಬೇಕಾದಷ್ಟೇ. ಇಬ್ಬರೂ ಹೊರಡುವಾಗ ಪ್ರೀಲೋಡನ್ನು ಚಕ್ರದ ಲೆಕ್ಕದಲ್ಲಿ 10 ಮಿಲಿಮೀಟರ್ ಏರಿಸಿಕೊಂಡರೆ ಒಟ್ಟು ಸ್ಯಾಗ್ ಸುಮಾರು 40ಕ್ಕೆ ನಿಲ್ಲುತ್ತದೆ, 48 ಮಿಲಿಮೀಟರ್ ಉಳಿಯುತ್ತದೆ. ಅದನ್ನು ಮುಗಿಸಲು 163 ಕಿಲೋ ಹೆಚ್ಚುವರಿ ಒತ್ತಡ ಬೇಕು. ಸ್ಪ್ರಿಂಗ್ ಗಟ್ಟಿಯಾದದ್ದು ಶೇಕಡಾ 36ರಷ್ಟು ಮಾತ್ರ, ತಳ ಹೊಡೆಯುವುದಕ್ಕೆ ಬೇಕಾದ ಬಲ ಮಾತ್ರ ಎರಡೂವರೆ ಪಟ್ಟಿಗೂ ಮಿಕ್ಕಿ ಹೆಚ್ಚಿತು. ಇದೇ ಪ್ರೀಲೋಡಿನ ಸರಿಯಾದ ಉಪಯೋಗ: ಒಬ್ಬರಿದ್ದಾಗ ಮತ್ತು ಇಬ್ಬರಿದ್ದಾಗ ಬೈಕಿನ ಎತ್ತರವನ್ನು ಸರಿದೂಗಿಸುವುದು. ಸ್ಪ್ರಿಂಗಿನ ಕೊರತೆ ತುಂಬುವುದು ಅದರ ಕೆಲಸವಲ್ಲ.

ನಿಮ್ಮ ಅಳತೆಗಳನ್ನು ಓದುವುದಕ್ಕೆ ಒಂದು ಸೂತ್ರವನ್ನು ನೆನಪಿಡಿ. ಮೊದಲ ಸಲ ಕೇಳಿದವರಿಗೆ ಇದು ತಿರುಗುಮುರುಗಾಗಿ ಕೇಳಿಸುತ್ತದೆ. ಸವಾರ ಕುಳಿತಾಗಿನ ಸ್ಯಾಗ್ ಸರಿಯಾಗಿದ್ದು ಖಾಲಿ ಬೈಕು ಒಂದಿಷ್ಟೂ ಕುಗ್ಗದೆ ಮೇಲಕ್ಕೆ ಬಿಗಿದುಕೊಂಡು ನಿಂತಿದ್ದರೆ, ಸ್ಪ್ರಿಂಗ್ ಮೃದುವಾಗಿದೆ ಎಂದರ್ಥ. ಆ ಮೃದುತ್ವವನ್ನು ಅತಿಯಾದ ಪ್ರೀಲೋಡಿನಿಂದ ಮರೆಮಾಡಲಾಗಿದೆ. ಖಾಲಿ ಬೈಕು 12–15 ಮಿಲಿಮೀಟರ್ ಕುಗ್ಗಿದ್ದು ಸವಾರ ಕುಳಿತಾಗ ಮಾತ್ರ ಸರಿಯಾಗಿದ್ದರೆ, ಸ್ಪ್ರಿಂಗ್ ಅಗತ್ಯಕ್ಕಿಂತ ಗಟ್ಟಿ. ಹಿಂಬದಿಗೆ ಖಾಲಿ ಬೈಕಿನ ಸ್ಯಾಗ್ 5ರಿಂದ 10 ಮಿಲಿಮೀಟರ್ ನಡುವೆ ಇದ್ದರೆ ಸರಿ. ಚಕ್ರಕ್ಕೆ ಕೆಳಕ್ಕೆ ಇಳಿಯಲು ಜಾಗವೇ ಇಲ್ಲದಿದ್ದರೆ ತಗ್ಗು ಬಂದಾಗ ಅದು ರಸ್ತೆಯನ್ನು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ; ಒಬ್ಬರೇ ಓಡಿಸುವಾಗ ಹಿಂಬದಿ ಕುಣಿಯುವುದು ಇದೇ ಕಾರಣಕ್ಕೆ.

ಅಂಗಡಿಯವರಿಗೆ ಸ್ಪ್ರಿಂಗ್ ಹೇಳುವಾಗ ಚಕ್ರದ ಗಡಸುತನವನ್ನು ಎರಡರಿಂದ ಭಾಗಿಸಿ ಹೇಳಿದರೆ ಸಾಲದು. ಶಾಕ್ ಅಬ್ಸಾರ್ಬರ್ ಓರೆಯಾಗಿ, ಆಕ್ಸಲ್‌ಗಿಂತ ತುಸು ಬೇರೆ ಜಾಗದಲ್ಲಿ ಕೂತಿರುವುದರಿಂದ ಚಕ್ರ 10 ಮಿಲಿಮೀಟರ್ ಚಲಿಸಿದಾಗ ಅದು ಸುಮಾರು 9 ಮಿಲಿಮೀಟರ್ ಮಾತ್ರ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಈ ಅನುಪಾತದ ವರ್ಗದಿಂದ, ಅಂದರೆ 0.81ರಿಂದ ಭಾಗಿಸಬೇಕು: 3.4ರ ಅರ್ಧ 1.7, ಅದನ್ನು 0.81ರಿಂದ ಭಾಗಿಸಿದರೆ ಒಂದೊಂದು ಸ್ಪ್ರಿಂಗಿಗೂ ಮಿಲಿಮೀಟರಿಗೆ ಸುಮಾರು 2.1 ಕಿಲೋ. ಹಿಂದೆ ಒಂದೇ ಶಾಕ್ ಅಬ್ಸಾರ್ಬರ್ (ಮೋನೋಶಾಕ್) ಇದ್ದು ಅದು ಸನ್ನೆಗಳ ಜೋಡಣೆಯ (ಲಿಂಕೇಜ್) ಮೂಲಕ ಕೆಲಸ ಮಾಡುವ ಬೈಕುಗಳಲ್ಲಿ ಈ ಅನುಪಾತ ಇನ್ನೂ ಚಿಕ್ಕದಾಗಿರುವುದರಿಂದ ಅಲ್ಲಿನ ಸ್ಪ್ರಿಂಗಿನ ಅಂಕಿಯನ್ನು ನಿಮ್ಮ ಬೈಕಿನದರೊಂದಿಗೆ ಹೋಲಿಸಲು ಬರುವುದಿಲ್ಲ.

ಇನ್ನು ನಿಮ್ಮ ಮೆಕ್ಯಾನಿಕ್ ಹೇಳಿದ ದಪ್ಪ ಸ್ಪ್ರಿಂಗಿನ ಮಾತು. ಅವರ ರೋಗನಿರ್ಣಯ ಸರಿಯಾಗಿಯೇ ಇದೆ, ಆದರೆ ಆ ಚಿಕಿತ್ಸೆಯನ್ನು ನಾನು ಒಪ್ಪಲಾರೆ. ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಉಳಿದೆಲ್ಲ ಒಂದೇ ಇದ್ದು, ತಂತಿ 7 ಮಿಲಿಮೀಟರಿನಿಂದ 7.5 ಮಿಲಿಮೀಟರಿಗೆ ದಪ್ಪವಾದರೂ ಗಡಸುತನ ಶೇಕಡಾ 32ರಷ್ಟು ಹೆಚ್ಚುತ್ತದೆ. ಕಣ್ಣಿಗೆ 'ಸ್ವಲ್ಪ ದಪ್ಪ' ಎನಿಸುವ, ಬೇರೆ ಯಾವುದೋ ಬೈಕಿನಿಂದ ತೆಗೆದ ಸ್ಪ್ರಿಂಗ್ ಎಷ್ಟು ಗಟ್ಟಿ ಎಂಬುದನ್ನು ಯಾರೂ ಊಹಿಸಲಾರರು. ಎರಡನೆಯ ತೊಂದರೆ ಇದಕ್ಕಿಂತ ಗಂಭೀರ. ಸ್ಪ್ರಿಂಗ್ ಶಕ್ತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತದೆಯೇ ಹೊರತು ನುಂಗುವುದಿಲ್ಲ. ಹಿಡಿದದ್ದನ್ನು ಪೂರ್ತಿ ಹಿಂದಿರುಗಿಸುತ್ತದೆ. ಆ ಮರಳುವಿಕೆಯನ್ನು ತಡೆದು ಶಾಖವಾಗಿ ಮಾರ್ಪಡಿಸುವುದು ಒಳಗಿನ ಎಣ್ಣೆ ಮತ್ತು ಕವಾಟಗಳ ಕೆಲಸ. ಸ್ಪ್ರಿಂಗೂ ಹೊತ್ತ ಭಾರವೂ ಎರಡೂ ಮೂರನೇ ಒಂದು ಪಾಲು ಹೆಚ್ಚಿದರೆ ಡ್ಯಾಂಪಿಂಗ್ ಕೂಡ ಸರಿಸುಮಾರು ಅಷ್ಟೇ ಪ್ರಮಾಣದಲ್ಲಿ ಹೆಚ್ಚಬೇಕು. ಹಳೆಯ ಡ್ಯಾಂಪರಿನ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ ತಳ ಹೊಡೆಯುವುದು ನಿಲ್ಲುತ್ತದೆ, ಆದರೆ ಪ್ರತಿ ಹಂಪಿನ ನಂತರ ಹಿಂಬದಿ ಚಿಮ್ಮಿ, ಹಿಂದೆ ಕೂತವರನ್ನು ಸೀಟಿನಿಂದ ಎತ್ತಿ ಕುಕ್ಕುತ್ತದೆ. ನಿಮ್ಮ ಪತ್ನಿಯ ಬೆನ್ನಿಗೆ ಈಗಿರುವ ಪೆಟ್ಟು ಕೆಳಗಿನಿಂದ ಬರುತ್ತಿದೆ. ಆಗ ಅದು ಮೇಲಕ್ಕೆ ಹಾರಿ ಬಿದ್ದದ್ದರಿಂದ ಬರುತ್ತದೆ. ಘಾಟಿಯ ತಿರುವಿನಲ್ಲಿ ಬೈಕು ವಾಲಿರುವಾಗ ಹೀಗೆ ಚಿಮ್ಮುವುದು ಅಪಾಯಕಾರಿ ಕೂಡ.

ಸ್ಪ್ರಿಂಗಿನ ಕೆಳಗೆ ಕೊಳವೆಯ ತುಂಡು ಇಟ್ಟು ಬಿಗಿಯುವುದು, ಶಾಕ್ ಅಬ್ಸಾರ್ಬರ್‌ನ ಕಿವಿಗೆ ಪಟ್ಟಿ ಬೆಸೆದು ಉದ್ದ ಮಾಡುವುದು, ಸುರುಳಿಗಳ ನಡುವೆ ರಬ್ಬರ್ ತುಂಡು ತುರುಕುವುದು, ಇವು ಮೂರನ್ನೂ ಯಾರೇ ಹೇಳಿದರೂ ಮಾಡಿಸಬೇಡಿ. ಮೊದಲನೆಯದರಲ್ಲಿ ಚಲನೆ ಮುಗಿಯುವ ಮುನ್ನವೇ ಸುರುಳಿಗಳು ಒಂದಕ್ಕೊಂದು ತಾಗಿ ಸ್ಪ್ರಿಂಗ್ ಗಟ್ಟಿ ಕಬ್ಬಿಣದ ತುಂಡಾಗಬಹುದು. ಎರಡನೆಯದು ಮುರಿದರೆ ಚಕ್ರವೇ ಕುಸಿಯುತ್ತದೆ. ಮೂರನೆಯದು ಸ್ಪ್ರಿಂಗಿನ ಒತ್ತಡವನ್ನು ಕೆಲವೇ ಸುತ್ತುಗಳ ಮೇಲೆ ಹೇರಿ ಅದನ್ನು ಮುರಿಯುತ್ತದೆ.

ಹೊಸ ಜೋಡಿಯನ್ನು ಆರಿಸುವಾಗ ಯಾವ ಕಂಪನಿ ಎಂಬುದಕ್ಕಿಂತ ನಿಮ್ಮ ತೂಕಕ್ಕೆ ಸ್ಪ್ರಿಂಗ್ ಹಾಕಿ ಕೊಡುತ್ತಾರೆಯೇ ಎಂಬುದನ್ನು ಮೊದಲು ಕೇಳಿ. ಸ್ವೀಡನ್ನಿನ ಓಲಿನ್ಸ್, ಥಾಯ್ಲೆಂಡಿನ ವೈಎಸ್‌ಎಸ್, ಬ್ರಿಟನ್ನಿನ ಹೇಗನ್ ಮೊದಲಾದ ತಯಾರಕರು ಈ ಬೈಕಿಗೆ ಹೊಂದುವ ಶಾಕ್ ಅಬ್ಸಾರ್ಬರ್‌ಗಳನ್ನು ಮಾಡುತ್ತಾರೆ. ಡಬ್ಬಿಯಲ್ಲಿ ಬರುವ ಸ್ಪ್ರಿಂಗ್ ಸಾಮಾನ್ಯವಾಗಿ 70–80 ಕಿಲೋದ ಒಬ್ಬ ಸವಾರನಿಗೆ ಹೊಂದಿಸಿದ್ದಾಗಿರುತ್ತದೆ. ಅದನ್ನೇ ಹಾಗೆಯೇ ಹಾಕಿಕೊಂಡು 'ಇಷ್ಟು ದುಡ್ಡು ಕೊಟ್ಟರೂ ಏನೂ ಬದಲಾಗಲಿಲ್ಲ' ಎಂದು ಬೇಸರಿಸುವ ಭಾರದ ಸವಾರರು ಬಹಳ ಮಂದಿ. ಆರ್ಡರ್ ಕೊಡುವಾಗ ನಿಮ್ಮ ತೂಕ, ಹಿಂದೆ ಕೂರುವವರ ತೂಕ, ಸಾಮಾನಿನ ತೂಕ, ನೂರಕ್ಕೆ ಎಷ್ಟು ಪಾಲು ಪ್ರಯಾಣ ಇಬ್ಬರೂ ಸೇರಿ ಮಾಡುತ್ತೀರಿ ಎಂಬ ನಾಲ್ಕು ಮಾಹಿತಿಯನ್ನು ಬರಹದಲ್ಲಿ ಕೊಟ್ಟು, ಬರುವ ಸ್ಪ್ರಿಂಗಿನ ಗಡಸುತನದ ಅಂಕಿಯನ್ನು ಬರಹದಲ್ಲೇ ಪಡೆಯಿರಿ. ಬಹುಪಾಲು ಸ್ಪ್ರಿಂಗುಗಳ ಮೇಲೆ ಈ ಅಂಕಿ ಅಚ್ಚಾಗಿರುತ್ತದೆ. ಹೊಂದಿಸುವ ಮುನ್ನ ಓದಿ ನೋಡಿ.

ಸೌಲಭ್ಯಗಳ ಪೈಕಿ ನಿಮಗೆ ನಿಜವಾಗಿ ಬೇಕಾದವು ಎರಡೇ. ಒಂದು, ರಿಬೌಂಡ್ ಡ್ಯಾಂಪಿಂಗನ್ನು (ಕುಗ್ಗಿದ ಸ್ಪ್ರಿಂಗ್ ಮರಳಿ ಚಿಮ್ಮುವುದನ್ನು ತಡೆಯುವಂಥದ್ದು) ಹೊರಗಿನಿಂದ ತಿರುಗಿಸಿ ಹೊಂದಿಸುವ ವ್ಯವಸ್ಥೆ, ಏಕೆಂದರೆ ಒಬ್ಬರೇ ಇರುವಾಗಿನ ಹಾಗೂ ಇಬ್ಬರಿರುವಾಗಿನ ಭಾರದ ವ್ಯತ್ಯಾಸ ನಿಮ್ಮಲ್ಲಿ ದೊಡ್ಡದು. ಇನ್ನೊಂದು, ಸುಲಭವಾಗಿ ಬದಲಿಸಬಹುದಾದ ಪ್ರೀಲೋಡ್. ಕೈಯಿಂದ ತಿರುಗಿಸುವ ಹೈಡ್ರಾಲಿಕ್ ಪ್ರೀಲೋಡ್ ಇದ್ದರೆ ಉತ್ತಮ. ಅದಿಲ್ಲದೆ ಸ್ಪ್ಯಾನರ್ ಬೇಕಾಗುವಂಥದ್ದಾದರೆ ಆ ಸ್ಪ್ಯಾನರ್ ಬೈಕಿನಲ್ಲೇ ಇರಬೇಕು. ಮನೆಯಲ್ಲಿಟ್ಟ ಸ್ಪ್ಯಾನರ್‌ನಿಂದ ಯಾರೂ ಪ್ರೀಲೋಡ್ ಬದಲಿಸುವುದಿಲ್ಲ. ಪಕ್ಕದಲ್ಲಿ ನೈಟ್ರೋಜನ್ ತುಂಬಿದ ಪ್ರತ್ಯೇಕ ಡಬ್ಬಿ ಇರುವ ಮಾದರಿ ಒಳ್ಳೆಯದೇ. ಹೆಚ್ಚು ಎಣ್ಣೆ ಹಿಡಿಯುವುದರಿಂದ, ಭಾರ ಹೊತ್ತು ಕೆಟ್ಟ ರಸ್ತೆಯಲ್ಲಿ ಬಹಳ ದೂರ ಹೋದಾಗ ಅದರ ಎಣ್ಣೆ ಬೇಗ ಕಾದು ತೆಳ್ಳಗಾಗುವುದಿಲ್ಲ. ಆದರೆ ಆ ಹಣವನ್ನು ಸರಿಯಾದ ಸ್ಪ್ರಿಂಗಿಗೂ ಮುಂದಿನ ಫೋರ್ಕಿಗೂ ಬಳಸುವುದು ನಿಮ್ಮ ಸ್ಥಿತಿಗೆ ಹೆಚ್ಚು ಲಾಭದಾಯಕ ಎಂಬುದು ನನ್ನ ಅಭಿಪ್ರಾಯ. ಉದ್ದದ ವಿಷಯದಲ್ಲಿ ಮೂಲ ಶಾಕ್ ಅಬ್ಸಾರ್ಬರ್‌ನ ಕಣ್ಣಿನಿಂದ ಕಣ್ಣಿಗೆ (ಎರಡು ತುದಿಗಳ ಬೋಲ್ಟ್ ರಂಧ್ರಗಳ ನಡುವೆ) ಇರುವ ಅಳತೆಯನ್ನೇ ಉಳಿಸಿಕೊಳ್ಳಿ. ಉದ್ದವಾದದ್ದು ಹಾಕಿದರೆ ಪಕ್ಕದ ಸ್ಟ್ಯಾಂಡಿನ ಮೇಲೆ ಬೈಕು ಅತಿಯಾಗಿ ವಾಲುತ್ತದೆ, ನಡುವಿನ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡುವುದಿಲ್ಲ, ಸ್ವಿಂಗ್‌ಆರ್ಮಿನ (ಹಿಂದಿನ ಚಕ್ರವನ್ನು ಫ್ರೇಮಿಗೆ ಜೋಡಿಸುವ ತೋಳಿನ) ಕೋನ ಬದಲಾಗುತ್ತದೆ. ಮೋಟಾರು ವಾಹನಗಳ ಕಾಯ್ದೆ 1988ರ 52ನೇ ಕಲಂ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ ಎಂಬುದೂ ನೆನಪಿರಲಿ. ಫ್ರೇಮನ್ನು ಕತ್ತರಿಸುವ, ಬೆಸೆಯುವ ಕೆಲಸಕ್ಕೆ ಕೈ ಹಾಕಬೇಡಿ. ತೆಗೆದ ಮೂಲ ಭಾಗಗಳನ್ನು ಜೋಪಾನವಾಗಿಡಿ. ವಾರಂಟಿ ಇನ್ನೂ ಇದ್ದರೆ ಮೊದಲು ಡೀಲರರ ಬಳಿ ಮಾತನಾಡಿ.

ಮುಂದಿನ ಫೋರ್ಕ್ ಏಕೆ ಎರಡನೆಯದು ಎಂದು ಕೇಳಬಹುದು. ಹಿಂಬದಿ ಕುಸಿದಾಗ ಮುಂದಿನ ಫೋರ್ಕ್ ಇನ್ನಷ್ಟು ಒರಗಿದ ಕೋನಕ್ಕೆ ಬರುತ್ತದೆ, ಬೈಕು ತಿರುಗಲು ನಿಧಾನವಾಗುತ್ತದೆ, ತಿರುವಿನಲ್ಲಿ ಹೊರಕ್ಕೆ ಸರಿಯುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ರಾಚುತ್ತದೆ. ಹಿಂಬದಿಯನ್ನು ಎತ್ತರದಲ್ಲಿ ನಿಲ್ಲಿಸಿದ ಕೂಡಲೇ ಇವುಗಳಲ್ಲಿ ಬಹುಪಾಲು ತಾವಾಗಿಯೇ ಸರಿಹೋಗುತ್ತವೆ. ಹಾಗೆಂದು ಫೋರ್ಕನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಬ್ರೇಕ್ ಹಾಕಿದಾಗ ಲೆಕ್ಕ ತಲೆಕೆಳಗಾಗುತ್ತದೆ. ಒಟ್ಟು 403 ಕಿಲೋ ಭಾರದ ಗುರುತ್ವ ಕೇಂದ್ರ ನೆಲದಿಂದ ಸುಮಾರು 70 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, ಘಾಟಿಯಲ್ಲಿ ಎದುರಿಗೆ ಲಾರಿ ಬಂದಾಗ ಹಾಕುವಂಥ ಬಲವಾದ ಬ್ರೇಕಿಗೆ, ಅಂದರೆ ಗುರುತ್ವದ 0.6 ಪಟ್ಟು ವೇಗ ಇಳಿದಾಗ, ಸುಮಾರು 120 ಕಿಲೋ ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಮೂಲ ಫೋರ್ಕು 41 ಮಿಲಿಮೀಟರಿನದು, ಚಲನೆ 110 ಮಿಲಿಮೀಟರ್, ಹೊರಗಿನಿಂದ ಹೊಂದಿಸಲು ಏನೂ ಇಲ್ಲ. ಇಳಿಜಾರಿನಲ್ಲಿ ಹೀಗೆ ಭಾರ ಬಂದಾಗ ಅದು ಮುಗ್ಗರಿಸಿ ಕೊನೆ ಮುಟ್ಟುತ್ತದೆ.

ಇದಕ್ಕೆ ನಿಮ್ಮ ತೂಕಕ್ಕೆ ಹೊಂದುವ ಫೋರ್ಕ್ ಸ್ಪ್ರಿಂಗ್ ಮತ್ತು ಹೊಸ ಎಣ್ಣೆ ಸಾಕು. ಫೋರ್ಕಿನೊಳಗಿನ ಡ್ಯಾಂಪಿಂಗ್ ವ್ಯವಸ್ಥೆಯನ್ನೇ ಪೂರ್ತಿ ಬದಲಿಸಿ ಕಾರ್ಟ್ರಿಜ್ ಹಾಕಿಸುವ ಅಗತ್ಯ ನಿಮ್ಮ ಬಗೆಯ ಪ್ರಯಾಣಕ್ಕೆ ನನಗೆ ಕಾಣುತ್ತಿಲ್ಲ. ನೀವೊಬ್ಬರೇ ಕುಳಿತಾಗ ಮುಂದಿನ ಸ್ಯಾಗ್ 33ರಿಂದ 38 ಮಿಲಿಮೀಟರ್ ಬರುವಂತೆ ಸ್ಪ್ರಿಂಗೂ ಅದರ ಮೇಲಿನ ಸ್ಪೇಸರೂ ಇರಲಿ. ಎಣ್ಣೆಯನ್ನು ಅಳತೆ ಲೋಟದ ಲೆಕ್ಕದಲ್ಲಿ ಸುರಿಯದೆ, ಸ್ಪ್ರಿಂಗ್ ಹೊರತೆಗೆದು ಫೋರ್ಕನ್ನು ಪೂರ್ತಿ ಕುಗ್ಗಿಸಿ, ಮೇಲಿನ ಅಂಚಿನಿಂದ ಎಣ್ಣೆಯ ಮಟ್ಟದವರೆಗೆ ಎರಡೂ ಕಾಲುಗಳಲ್ಲಿ ಒಂದೇ ಅಂತರ ಬರುವಂತೆ ನೋಡಿಕೊಳ್ಳಬೇಕು. ಆ ಖಾಲಿ ಜಾಗದ ಗಾಳಿಯೂ ಒಂದು ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಮಟ್ಟವನ್ನು 10 ಮಿಲಿಮೀಟರ್ ಏರಿಸಿದರೂ ಚಲನೆಯ ಕೊನೆಯ ಭಾಗ ಗಮನಾರ್ಹವಾಗಿ ಬಿಗಿಯಾಗುತ್ತದೆ. ಗಟ್ಟಿ ಎಣ್ಣೆಯೊಂದನ್ನೇ ಹಾಕಿ ಮುಗ್ಗರಿಸುವುದನ್ನು ತಡೆಯಲು ಹೋಗಬೇಡಿ. ಅದು ಮುಳುಗುವುದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಜೊತೆಗೆ ಸಣ್ಣ ಗುಂಡಿಗಳ ಪೆಟ್ಟನ್ನು ನೇರವಾಗಿ ಅಂಗೈಗೆ ತಂದು ಮುಟ್ಟಿಸುತ್ತದೆ.

ಒಂದು ಮಿತಿಯನ್ನು ಮಾತ್ರ ಯಾವ ಸಸ್ಪೆನ್ಷನ್ನೂ ಬದಲಿಸಲಾರದು. ಬೈಕಿನ ಕೈಪಿಡಿಯಲ್ಲಿ ಗರಿಷ್ಠ ಒಟ್ಟು ತೂಕ ಎಂದು ಒಂದು ಅಂಕಿ ಇರುತ್ತದೆ. ಅದು ಫ್ರೇಮ್, ಚಕ್ರ, ಬ್ರೇಕ್, ಟಯರ್ ಎಲ್ಲವನ್ನೂ ಗಮನದಲ್ಲಿಟ್ಟು ನಿರ್ಧರಿಸಿದ್ದು. ನಿಮ್ಮ 403 ಕಿಲೋವನ್ನು ಆ ಅಂಕಿಯೊಂದಿಗೆ ಹೋಲಿಸಿ. ಮೀರಿದ್ದರೆ ಪೆಟ್ಟಿಗೆಯಿಂದ ಸಾಮಾನು ಇಳಿಸಲೇಬೇಕು. ಹಿಂದಿನ ಟಯರಿನ ಪಕ್ಕದಲ್ಲಿ ಅಳತೆಯ ನಂತರ ಬರೆದ ಭಾರದ ಸೂಚ್ಯಂಕವನ್ನೂ ನೋಡಿ: 63 ಎಂದಿದ್ದರೆ ಆ ಟಯರು ಹೊರಬಲ್ಲದ್ದು 272 ಕಿಲೋ, 66 ಎಂದಿದ್ದರೆ 300 ಕಿಲೋ. ಹಿಂದಿನ ಸ್ಪ್ರಿಂಗಿನ ಮೇಲಿನ 236 ಕಿಲೋಗೆ ಚಕ್ರ ಮತ್ತು ಸ್ವಿಂಗ್‌ಆರ್ಮಿನ 20 ಕಿಲೋಗೂ ಹೆಚ್ಚು ತೂಕ ಸೇರುವುದರಿಂದ ನೀವು ಮಿತಿಯ ಹತ್ತಿರವೇ ಇದ್ದೀರಿ. ಆದ್ದರಿಂದ ಇಬ್ಬರಿಗೆಂದು ಕೈಪಿಡಿ ಹೇಳಿದ ಗಾಳಿಯ ಒತ್ತಡವನ್ನು, ಟಯರು ತಣ್ಣಗಿರುವಾಗ, ಹೊರಡುವ ಮುನ್ನ ತಪ್ಪದೆ ಹಿಡಿಸಿ. ಒಬ್ಬರಿಗೆ ಸಾಕಾಗುವ ಗಾಳಿಯಲ್ಲಿ ಇಬ್ಬರು ಹೋದರೆ ಟಯರು ಕಾದು ಸೀಳುವ ಅಪಾಯವಿದೆ.

ಹೊಸ ಜೋಡಿ ಬಂದ ಮೇಲೆ ಮೊದಲು ಸ್ಯಾಗನ್ನು ಮತ್ತೆ ಅಳೆದು ಹೊಂದಿಸಿ, ಆಮೇಲೆ ರಿಬೌಂಡ್. ಸೀಟನ್ನು ಬಲವಾಗಿ ಒತ್ತಿ ಬಿಟ್ಟಾಗ ಹಿಂಬದಿ ಒಮ್ಮೆ ಮೇಲೆ ಬಂದು ಅಲ್ಲಿಯೇ ನಿಲ್ಲಬೇಕು. ಮೇಲೆ ಬಂದು ಮತ್ತೆ ಇಳಿದರೆ ಡ್ಯಾಂಪಿಂಗ್ ಸಾಲದು. ತೆವಳಿಕೊಂಡು ಏರಿದರೆ ಹೆಚ್ಚಾಗಿದೆ, ಆಗ ಸಾಲು ಗುಂಡಿಗಳಲ್ಲಿ ಒಂದರ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದು ಬೈಕು ಹಂತಹಂತವಾಗಿ ಕುಸಿಯುತ್ತಾ ಹೋಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಎರಡು ಕ್ಲಿಕ್ ಮಾತ್ರ, ಎರಡೂ ಬದಿಗೆ ಒಂದೇ ಸಮ. ಪರಿಚಿತವಾದ ಒಂದೇ ರಸ್ತೆಯ ತುಣುಕಿನಲ್ಲಿ ಓಡಿಸಿ ನೋಡಿ, ಬರೆದಿಡಿ. ಈ ಪರೀಕ್ಷೆಯಲ್ಲಿ ಹಿಂದೆ ಕೂತವರ ಮಾತಿಗೆ ನಿಮ್ಮ ಮಾತಿಗಿಂತ ಹೆಚ್ಚು ಬೆಲೆ ಕೊಡಿ. ಆಕ್ಸಲ್‌ನ ನೇರಕ್ಕೆ ಕೂತಿರುವ ಅವರಿಗೆ ಹಿಂದಿನ ಚಕ್ರದ ಪ್ರತಿ ಚಲನೆಯೂ ತಿಳಿಯುತ್ತದೆ. ಹಂಪು ಕಾಣದೆ ಕೂತಿರುವುದರಿಂದ ಅವರ ದೇಹ ಮುಂಚಿತವಾಗಿ ಸಿದ್ಧವಾಗಿಯೂ ಇರುವುದಿಲ್ಲ. ಒಬ್ಬರಿಗೆ ಮತ್ತು ಇಬ್ಬರಿಗೆ ಸರಿಹೊಂದಿದ ಎರಡು ಹೊಂದಾಣಿಕೆಗಳನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿಡಿ.

ಚೈನಿನ ಸಡಿಲವನ್ನು ಮತ್ತೆ ನೋಡುವುದು ಕಡೆಯ ಕೆಲಸ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ ಕೀಲು ಮತ್ತು ಹಿಂದಿನ ಆಕ್ಸಲ್ ಒಂದೇ ಗೆರೆಗೆ ಬಂದಾಗ ಚೈನು ಅತ್ಯಂತ ಬಿಗಿಯಾಗಿರುತ್ತದೆ, ಮತ್ತು ಇಬ್ಬರು ಕುಳಿತಾಗ ಬೈಕು ಆ ಸ್ಥಿತಿಗೆ ಹತ್ತಿರ ಬರುತ್ತದೆ. ಖಾಲಿ ಬೈಕಿನಲ್ಲಿ ಸರಿಯೆನಿಸಿದ ಚೈನು ಇಬ್ಬರು ಕುಳಿತಾಗ ತಂತಿಯಂತೆ ಬಿಗಿದುಕೊಂಡರೆ ಗೇರ್‌ಬಾಕ್ಸಿನ ಬೇರಿಂಗಿಗೂ ಚಕ್ರದ ಬೇರಿಂಗಿಗೂ ಪೆಟ್ಟು. ಕೈಪಿಡಿಯ ಅಳತೆಗೆ ಹೊಂದಿಸಿದ ಮೇಲೆ ಇಬ್ಬರೂ ಕುಳಿತು, ಮೂರನೆಯವರಿಂದ ಚೈನಿನ ಕೆಳಭಾಗವನ್ನು ಬೆರಳಿನಿಂದ ಎತ್ತಿಸಿ ನೋಡಿ. ಆಗಲೂ ಒಂದಿಷ್ಟು ಸಡಿಲ ಉಳಿದಿರಬೇಕು. ಹೆಡ್‌ಲೈಟಿನ ಎತ್ತರವನ್ನೂ ಅದೇ ಹೊತ್ತಿಗೆ, ಇಬ್ಬರೂ ಕುಳಿತಿರುವಾಗಲೇ, ಗೋಡೆಯ ಮೇಲೆ ಬೆಳಕು ಬಿಟ್ಟು ಸರಿಪಡಿಸಿಕೊಳ್ಳಿ.